ಕಾರಿನ ಗಡಿಯಾರ ತಪ್ಪುವ ಪರಿ

ಮಂಗಳೂರಿನ ಬಿಜೈಯ ಮನೆಯಿಂದ ಸುರತ್ಕಲ್‌ವರೆಗಿನ ದಿನನಿತ್ಯದ ಓಡಾಟದಲ್ಲಿ ತಾಳಮದ್ದಳೆ ಕೇಳುವುದು ನನಗೆ ವರ್ಷಗಳ ರೂಢಿ. ಪೆನ್‌ಡ್ರೈವ್‌ನಲ್ಲಿ ‘ಕರ್ಣಪರ್ವ’ 3 ಗಂಟೆಯ ಒಂದೇ ಫೈಲಾಗಿ ಉಂಟು. ಸಂಜೆ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅರ್ಥಧಾರಿಯ ಮಾತು ಎಲ್ಲಿಗೆ ತುಂಡಾಯಿತೋ, ಮರುದಿನ ಕೀ ತಿರುಗಿಸಿದ ಕೂಡಲೇ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಕಳೆದ ಆಟಿ ತಿಂಗಳ ಒಂದು ಸೋಮವಾರ ಹಾಗಾಗಲಿಲ್ಲ. ಭಾಗವತರ ಗಣಪತಿ ಸ್ತುತಿ ಕೇಳಿಸಿತು. ಸಂಜೆ ಮತ್ತೆ ಸ್ತುತಿ. ಮಂಗಳವಾರ, ಬುಧವಾರವೂ ಅದೇ. ಪರದೆಯ ಮೂಲೆಯನ್ನು ಸರಿಯಾಗಿ ನೋಡಿದ್ದು ಗುರುವಾರ: ಗಡಿಯಾರ 1:00 ತೋರಿಸುತ್ತಿತ್ತು. ಹೊರಗೆ ಮಳೆ, ಕೈಗಡಿಯಾರದಲ್ಲಿ ಬೆಳಗ್ಗೆ 8:35.

ವಾರಂಟಿ ಮುಗಿದ ಕಾರು. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಚುಚ್ಚಿ ನೋಡಿದರು, ಒಂದೂ ಫಾಲ್ಟ್ ಕೋಡ್ ಬರಲಿಲ್ಲ. ಬ್ಯಾಟರಿ ಅಳೆದರು, 12.6 ವೋಲ್ಟ್, ಚೆನ್ನಾಗಿಯೇ ಇತ್ತು. ಹಾಗಾದರೆ ಪರದೆಯ ಸೆಟ್ಟೇ ಹೋಗಿದೆ, ಬದಲಾಯಿಸಬೇಕು ಎಂದರು. ಹೇಳಿದ ಬೆಲೆ 60,000 ರೂಪಾಯಿಯ ಹತ್ತಿರ.

ಗಡಿಯಾರ ತಪ್ಪಿದರೇನು, ಕೈಯಲ್ಲಿ ಮೊಬೈಲ್ ಇದೆಯಲ್ಲ ಎಂದು ಸುಮ್ಮನಿರಬಹುದು, ಬಹಳ ಮಂದಿ ಹಾಗೇ ಇರುತ್ತಾರೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಈಗಿನ ಕಾರಿನಲ್ಲಿ ಹಿಂದಿನ ಕ್ಯಾಮೆರಾದ ದೃಶ್ಯ ಬರುವುದು ಇದೇ ಪರದೆಗೆ. ಕೆಲವದರಲ್ಲಿ ಎ.ಸಿ.ಯನ್ನೂ ಇಲ್ಲಿಂದಲೇ ತಿರುಗಿಸಬೇಕು. ನಮ್ಮ ದೇಶದಲ್ಲಿ ರಿವರ್ಸ್ ಪಾರ್ಕಿಂಗ್ ಸೆನ್ಸರನ್ನು 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದು ಹಿಂದೆ ನಿಂತ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ ಎಂಬ ಕಾರಣಕ್ಕೇ. ಅಮೆರಿಕದಲ್ಲಿ 2018ರ ಮೇಯಿಂದ ಹೊಸ ಕಾರಿಗೆ ಕ್ಯಾಮೆರಾ ಇರಲೇಬೇಕು. ಮಂಗಳೂರಿನ ಮನೆಗಳ ಇಳಿಜಾರು ಅಂಗಳ, ಬಂದರಿನ ಇಕ್ಕಟ್ಟು ಓಣಿ, ಕದ್ರಿಯ ಏರು, ಇಂಥಲ್ಲೆಲ್ಲ ಹಿಂದಕ್ಕೆ ತೆಗೆಯುವಾಗ ಪರದೆ ಕಪ್ಪಾದರೆ ಅದು ಸಣ್ಣ ವಿಷಯವಲ್ಲ. ಆ ಪರದೆಗೆ ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ಎಲ್ಲಕ್ಕಿಂತ ಮೊದಲು ಹೇಳುವುದು ಗಡಿಯಾರ.

ಗೆಳೆಯರೊಬ್ಬರು ಕಂಕನಾಡಿ ಕಡೆಯ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಬಳಿ ಕಳುಹಿಸಿದರು. ಅವರು ಕಾರನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದರು.

“ಗಡಿಯಾರ ಯಾವಾಗ ತಪ್ಪುದು ಸರ್? ದಿನಾ?”

“ದಿನಾ. ಕೂತು ಕೀ ಹಾಕಿದರೆ 1:00.”

“ಪೆಟ್ರೋಲ್ ಬಂಕ್‌ನಲ್ಲಿ? ಅಲ್ಲಿ ಆಫ್ ಮಾಡಿ ಪುನಃ ಆನ್ ಮಾಡ್ತೀರಲ್ಲ, ಆಗ?”

ಯೋಚಿಸಿದೆ. ಬಂಕ್‌ನಲ್ಲಿ ತಪ್ಪುತ್ತಿರಲಿಲ್ಲ. ತಾಳಮದ್ದಳೆಯೂ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು.

“ಬಂಕ್‌ನಲ್ಲಿ ನೀವು ಡೋರ್ ತೆಗೆಯುದಿಲ್ಲ ಅಲ್ವಾ? ಕೂತಲ್ಲೇ ದುಡ್ಡು ಕೊಡುದು. ಹಾಗಾದರೆ ಇದು ಸೆಟ್ ಅಲ್ಲ ಮಾರಾಯ್ರೇ. ರಾತ್ರಿ ಡೋರ್ ತೆಗೆದಾಗ ಮೇಲಿನ ಲೈಟು ಮೊದಲಿನಷ್ಟು ಬೆಳಕು ಉಂಟಾ?”

ಇರಲಿಲ್ಲ. ಮಂಕಾಗಿತ್ತು. ಮಳೆಗಾಲದ ಮಬ್ಬಿನಲ್ಲಿ ಅದನ್ನು ನಾನು ಗಮನಿಸಿಯೂ ಗಮನಿಸದಂತೆ ಇದ್ದೆ.

ಅನೇಕ ಕಾರುಗಳಲ್ಲಿ ಒಳಗಿನ ಮೇಲಿನ ಲೈಟು, ಗಡಿಯಾರ, ಸೆಟ್ಟಿನ ನೆನಪು, ಮೂರಕ್ಕೂ ಒಂದೇ ಫ್ಯೂಸ್. ಅವರು ಸ್ಟೀರಿಂಗ್ ಕೆಳಗಿನ ಫ್ಯೂಸ್ ಬಾಕ್ಸ್ ತೆಗೆದು ಆ ಫ್ಯೂಸಿನ ನೆತ್ತಿಗೆ ಮಲ್ಟಿಮೀಟರಿನ ಮೊನೆ ಇಟ್ಟರು. ಬಾಗಿಲು ಮುಚ್ಚಿದ್ದಾಗ 12.5 ವೋಲ್ಟ್. “ಈಗ ಡೋರ್ ತೆಗೀರಿ” ಎಂದರು. ಲೈಟು ಹತ್ತಿತು, ಮೀಟರ್ 8ಕ್ಕೆ ಇಳಿಯಿತು. ಫ್ಯೂಸ್ ಕಿತ್ತು ತೋರಿಸಿದರು: ಒಂದು ಕಾಲಿನಲ್ಲಿ ಹಸಿರು ಕಿಲುಬು. ಎರಡು ವರ್ಷದ ಹಿಂದೆ ಹೊರಗಿನ ಅಂಗಡಿಯಲ್ಲಿ ಡ್ಯಾಶ್‌ಕ್ಯಾಮ್ ಹಾಕಿಸಿ ಆಮೇಲೆ ತೆಗೆಸಿದ್ದೆ. ಆಗ ಅದೇ ಫ್ಯೂಸಿನ ಪಕ್ಕ ವೈರ್ ತುರುಕಿದ್ದರಿಂದ ಕಾಲನ್ನು ಹಿಡಿದುಕೊಳ್ಳುವ ತಗಡು ಸಡಿಲವಾಗಿತ್ತು. ಆ ಸಂದಿಗೆ ನಮ್ಮ ಕಡಲ ಗಾಳಿ, ಎರಡು ಮಳೆಗಾಲದ ತೇವ.

ಸರ್ವಿಸ್ ಸೆಂಟರಿನವರು ಸುಳ್ಳು ಹೇಳಿರಲಿಲ್ಲ. ಅವರು ಅಳೆದದ್ದು ಬ್ಯಾಟರಿಯನ್ನು, ಅದೂ ಕರೆಂಟು ಎಳೆಯುವ ಹೊರೆ ಇಲ್ಲದೆ, ಅಷ್ಟೇ. ಅರ್ಧ ಕಟ್ಟಿಕೊಂಡ ಪೈಪಿನಲ್ಲಿಯೂ ತೊಟ್ಟು ತೊಟ್ಟು ನೀರು ಬರುತ್ತದೆ, ನಲ್ಲಿ ಪೂರ್ತಿ ತಿರುಗಿಸಿದಾಗಲೇ ಗೊತ್ತಾಗುವುದು. ಗಡಿಯಾರದ ನೆನಪಿಗೆ ಬೇಕಾದದ್ದು ಆಂಪಿಯರಿನ ಸಾವಿರದ ಕೆಲವು ಪಾಲು ಮಾತ್ರ. ಕಿಲುಬಿನ ಮೂಲಕವೂ ಅದು ದಾಟುತ್ತದೆ. 5 ವ್ಯಾಟಿನ ಬಲ್ಬು ಎಳೆಯುವುದು ಸುಮಾರು 0.4 ಆಂಪಿಯರ್. ಬಲ್ಬು ಹತ್ತಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸೆಟ್ಟಿನ ನೆನಪು ಅಳಿಸುತ್ತದೆ. ನಾನು ಬಾಗಿಲು ತೆಗೆದಾಗಲೆಲ್ಲ ಕರ್ಣಪರ್ವ ಗಣಪತಿ ಸ್ತುತಿಗೆ ಮರಳುತ್ತಿದ್ದುದು ಹೀಗೆ.

ಆ ದಿನ ಕಲಿತದ್ದನ್ನು ಆಮೇಲೆ ಓದಿ, ಕೇಳಿ, ನೆರೆಹೊರೆಯ ಕಾರುಗಳನ್ನು ನೋಡಿ ಬೆಳೆಸಿಕೊಂಡೆ. ಗಡಿಯಾರ ತಪ್ಪಿದೆ ಎಂದರೆ ಸಾಲದು, ಹೇಗೆ ತಪ್ಪಿದೆ ಎಂದು ಕೇಳಬೇಕು. ಕಾಯಿಲೆಯ ಹೆಸರು ಆ ಉತ್ತರದಲ್ಲಿ ಇರುತ್ತದೆ.

ಸೊನ್ನೆಗೆ ಬೀಳುವ ಗಡಿಯಾರ

1:00 ಅಥವಾ 12:00ಕ್ಕೆ ಹೋಗಿ ಕೂತರೆ ಅದು ಕರೆಂಟಿನ ಕತೆ. ಹೊರಗೆ ಹಾಕಿಸಿದ ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಇದಕ್ಕೆ ಬಹಳ ಸಾಮಾನ್ಯವಾದ ಒಂದು ಕಾರಣ ಉಂಟು. ಸೆಟ್ಟಿನ ಹಳದಿ ವೈರಿಗೆ ಯಾವಾಗಲೂ ಬ್ಯಾಟರಿಯ ಕರೆಂಟು ಇರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕಪ್ಪು ಅರ್ಥಿಂಗ್. ಫಿಟ್ಟಿಂಗ್ ಮಾಡುವವರು ಅವಸರದಲ್ಲಿ ಹಳದಿಯನ್ನೂ ಕೀಯ ಲೈನಿಗೇ ಸೇರಿಸಿದರೆ ಹಾಡು ಬರುತ್ತದೆ, ಪರದೆ ಹೊಳೆಯುತ್ತದೆ, ಗಿರಾಕಿ ಖುಷಿಯಿಂದ ಮನೆಗೆ ಹೋಗುತ್ತಾರೆ. ಕೀ ತೆಗೆದಾಗಲೆಲ್ಲ ಸೆಟ್ಟು ಮಾತ್ರ ಎಲ್ಲ ಮರೆಯುತ್ತದೆ. ಹೊಸ ಸೆಟ್ಟು ಹಾಕಿಸಿದ ದಿನದಿಂದಲೇ ಗಡಿಯಾರದ ಸಮಯ ಉಳಿಯದಿದ್ದರೆ ಈ ವೈರುಗಳನ್ನೇ ಮೊದಲು ನೋಡಿಸಿ.

ಕಂಪನಿಯ ಸೆಟ್ಟು ಇದ್ದು, ಬೆಳಗ್ಗೆ ಸೆಲ್ಫ್ ಹೊಡೆದಾಗ ಮಾತ್ರ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಏಳುವುದಾದರೆ ಬ್ಯಾಟರಿ ಸೋಲುತ್ತಿದೆ. ರಾತ್ರಿಯಿಡೀ ನಿಂತ ಕಾರಿನ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿಗೆ ಇಳಿಯುವುದು ಸಹಜ, 9ರ ಕೆಳಗೆ ಜಾರಿದರೆ ಸೆಟ್ಟಿಗೆ ತಡೆಯುವುದಿಲ್ಲ. ಇಂಜಿನ್ ಓಡುವಾಗ 13.8ರಿಂದ 14.4 ಇರಬೇಕು.

ನಮ್ಮ ಊರಿಗೇ ಸೇರಿದ ಇನ್ನೊಂದು ಸಮಸ್ಯೆ ಉಂಟು. ದುಬೈ, ಮಸ್ಕತ್, ಕುವೈತ್‌ನಲ್ಲಿ ದುಡಿಯುವವರ ಕಾರುಗಳು ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತವೆ. ಲಾಕ್ ಮಾಡಿದ ಕಾರೂ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತದೆ, ಗಡಿಯಾರಕ್ಕೆ, ರಿಮೋಟಿಗೆ, ಅಲಾರಾಂಗೆ. 50 ಮಿಲಿ ಆಂಪಿಯರ್‌ವರೆಗೆ ಅದು ಸಹಜ ಎನ್ನುತ್ತಾರೆ. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ 29 ದಿನಕ್ಕೆ ಪೂರಾ ಬರಿದು. ಯಜಮಾನರು ರಜೆಯಲ್ಲಿ ಬಂದು ಜಂಪ್ ಸ್ಟಾರ್ಟ್ ಮಾಡಿಸಿದಾಗ ಗಡಿಯಾರ ತಪ್ಪು, ಫೋನಿನ ಜೋಡಣೆ ಮಾಯ; “ನಿಲ್ಲಿಸಿ ನಿಲ್ಲಿಸಿ ಸೆಟ್ಟು ಹಾಳಾಯ್ತು” ಎಂಬ ಮಾತು. ಸೆಟ್ಟು ಹಾಳಾಗಿರುವುದಿಲ್ಲ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಇಡಿಸಿ. ಆಗಲೂ ಗಡಿಯಾರ ತಪ್ಪುತ್ತದೆ ನಿಜ, ಆದರೆ ಬ್ಯಾಟರಿ ಉಳಿಯುತ್ತದೆ. ಹಳೆಯ ಕೆಲವು ಸೆಟ್ಟುಗಳು ಕರೆಂಟು ಕಡಿದು ಬಂದ ಮೇಲೆ ರೇಡಿಯೊ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಮೆಲ್ಲ ಜಾರುವುದು, ಒಮ್ಮೆಲೇ ಹಾರುವುದು

ತಿಂಗಳಿಗೆ ಒಂದೆರಡು ನಿಮಿಷ ಹಿಂದೆ ಬೀಳುವ ಗಡಿಯಾರಕ್ಕೆ ಕಾಯಿಲೆ ಇಲ್ಲ. ಒಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. 2ನ್ನು 15 ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಅರ್ಧ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸೆಕೆಂಡಿಗೆ ಬಂದು ನಿಲ್ಲುತ್ತದೆ. ಈ ಸ್ಫಟಿಕ 25 ಡಿಗ್ರಿ ಸೆಲ್ಸಿಯಸ್ ಸುತ್ತ ನೆಟ್ಟಗೆ ನಡೆಯುತ್ತದೆ. ಸೆಖೆ ಏರಿದರೂ ಚಳಿ ಏರಿದರೂ ನಿಧಾನವಾಗುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಪಣಂಬೂರು ಬೀಚಿನ ಬಯಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ಮುಟ್ಟಿದರೆ, ಅದೇ ಬಿಸಿಯಲ್ಲಿ ಇಡೀ ದಿನ ಇದ್ದಲ್ಲಿ, ಸುಮಾರು 3.6 ಸೆಕೆಂಡ್ ಹಿಂದೆ ಬೀಳುವ ಲೆಕ್ಕ. ನಾನೀಗ ತಿಂಗಳಿಗೊಮ್ಮೆ ಮಂಗಳೂರು ಆಕಾಶವಾಣಿಯ 100.3ರಲ್ಲಿ ವಾರ್ತೆಗೆ ಮುಂಚಿನ ಸಮಯ ಕೇಳಿ ತಿದ್ದುತ್ತೇನೆ. ಹಂಪನಕಟ್ಟೆಯ ಹಳೆಯ ಗಡಿಯಾರ ಗೋಪುರವನ್ನು 1990ರ ದಶಕದಲ್ಲಿ ರಸ್ತೆಗಾಗಿ ಕೆಡವಿದ ಮೇಲೆ, ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸ ಗೋಪುರ ಏಳುವವರೆಗೆ ಪೇಟೆಗೆ ಬಂದವರಿಗೆ ತಲೆಯೆತ್ತಿ ನೋಡಲು ಗೋಪುರದ ಗಡಿಯಾರ ಇರಲಿಲ್ಲ. ಆಕಾಶವಾಣಿ ಇತ್ತು, 1976ರಿಂದ.

ನಿಮಿಷ ಸರಿ ಇದ್ದು ಗಂಟೆ ಮಾತ್ರ ತಪ್ಪಿದ್ದರೆ, ಅಥವಾ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ, ವೈರಿಗೆ ಕೈ ಹಾಕಬೇಡಿ. ಉಪಗ್ರಹದಿಂದ ಸಮಯ ಪಡೆಯುವ ಕಾರಿಗೆ ಸಿಗುವುದು ಲೋಕಕ್ಕೆಲ್ಲ ಒಂದೇ ಆದ ಸಮಯ, ಭಾರತದ ಐದೂವರೆ ಗಂಟೆಯನ್ನು ಕೂಡಿಸಿಕೊಳ್ಳುವುದು ಸೆಟ್ಟಿಂಗ್ಸ್‌ನಲ್ಲಿರುವ ಟೈಮ್ ಝೋನ್. ಅದು ಬೇರೆ ದೇಶಕ್ಕೆ ಹೋಗಿದ್ದರೆ, ಇಲ್ಲವೇ ಡೇಲೈಟ್ ಸೇವಿಂಗ್ ಆನ್ ಆಗಿದ್ದರೆ ಹೀಗಾಗುತ್ತದೆ. ನಮ್ಮ ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಮಂಗಳೂರು ಇರುವುದು 74.8ರ ಹತ್ತಿರ, ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಅರ್ಧ ಗಂಟೆ ತಡ. ಕಾರಿನ ಗಡಿಯಾರಕ್ಕೆ ಇದರಿಂದ ಏನೂ ಆಗಬೇಕಿಲ್ಲ, ಆದರೂ ಸಂಜೆ ಕಡಲ ಮೇಲೆ ಹೊತ್ತು ಮುಳುಗುವುದನ್ನು ನೋಡುತ್ತಾ ಪರದೆಯ ಅಂಕಿ ನೋಡಿದಾಗ ನನಗೆ ಈ ಅರ್ಧ ಗಂಟೆ ನೆನಪಾಗುತ್ತದೆ.

ಬ್ಯಾಟರಿ ಬದಲಾಯಿಸಿದ ಮೇಲೆ, ಉಪಗ್ರಹದಿಂದ ಸಮಯ ಪಡೆಯುವ ಕಾರನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸಿ ಗಡಿಯಾರಕ್ಕೆ ಕಾಯುವುದು ವ್ಯರ್ಥ. ಜಿಪಿಎಸ್ ಉಪಗ್ರಹ ತನ್ನ ಪೂರ್ತಿ ಸಂದೇಶ ಹೇಳಿ ಮುಗಿಸಲು 12.5 ನಿಮಿಷ ಬೇಕು. ಕಾಲು ಗಂಟೆ ಆಕಾಶ ಕಾಣುವಲ್ಲಿ ನಿಲ್ಲಿಸಿ. ಗಾಜಿಗೆ ಲೋಹದ ಅಂಶವಿರುವ ಸನ್‌ಫಿಲ್ಮ್ ಅಂಟಿಸಿದ್ದರೂ ಸಿಗ್ನಲ್ ಕುಗ್ಗುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ವರ್ಷವೇ ಹಿಂದಕ್ಕೆ ಹೋಗುವುದು. 2022ರ ಜನವರಿ 1ರಂದು ಹಲವು ದೇಶಗಳಲ್ಲಿ 2004ರಿಂದ 2012ರ ನಡುವಿನ ನ್ಯಾವಿಗೇಷನ್ ಇರುವ ಹೋಂಡಾ, ಅಕ್ಯುರಾ ಕಾರುಗಳು ಬೆಳಗಾಗುವಾಗ 2002ನ್ನು ತೋರಿಸಿದವು. ಕೈಯಲ್ಲಿ ತಿದ್ದಿದರೆ ಮರುದಿನ ಮತ್ತೆ ತಪ್ಪು. ಇದರ ಬೇರು ಜಿಪಿಎಸ್ ವಾರಗಳನ್ನು ಎಣಿಸುವ ರೀತಿಯಲ್ಲಿದೆ. 1980ರ ಜನವರಿ 6ರಿಂದ ಶುರುವಾದ ಆ ಎಣಿಕೆಗೆ ಕೊಟ್ಟಿರುವ ಜಾಗ 1,024 ವಾರಗಳಿಗೆ ಮಾತ್ರ ಸಾಕು. ಅಂದರೆ 20 ವರ್ಷಕ್ಕೆ ತುಸು ಕಡಿಮೆ. ತುಂಬಿದ ಮೇಲೆ ಮತ್ತೆ ಸೊನ್ನೆ. 1999ರ ಆಗಸ್ಟ್‌ನಲ್ಲಿ ಒಮ್ಮೆ ಹಾಗಾಯಿತು, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ, ಮುಂದಿನದು 2038ರ ನವೆಂಬರ್. ಇದು ಎಷ್ಟನೆಯ ಸುತ್ತು ಎಂದು ಕಾರಿನೊಳಗಿನ ರಿಸೀವರ್ ತನ್ನ ಸಾಫ್ಟ್‌ವೇರಿನಲ್ಲಿ ಬರೆದಿಟ್ಟ ಒಂದು ದಿನಾಂಕದಿಂದ ಊಹಿಸಬೇಕು. ಆ ಊಹೆಗೂ ಅವಧಿ ಇದೆ, ಅದು ಮುಗಿಯುವ ದಿನ ಒಂದೊಂದು ರಿಸೀವರಿಗೆ ಒಂದೊಂದು. ಆದ್ದರಿಂದ ಹಳೆಯ ಕಾರಿನ ಕ್ಯಾಲೆಂಡರ್ ಒಂದು ದಿನ ಇದ್ದಕ್ಕಿದ್ದಂತೆ ಎರಡು ದಶಕ ಹಿಂದೆ ಹೋದರೆ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ. ಸಾಫ್ಟ್‌ವೇರ್ ಇದ್ದರೆ ಹಾಕಿಸಿ, ಇಲ್ಲದಿದ್ದರೆ ಉಪಗ್ರಹದ ಸಮಯವನ್ನು ಆಫ್ ಮಾಡಿ ಕೈಯಲ್ಲಿ ತಿದ್ದಲು ಬಿಡುತ್ತದೆಯೋ ನೋಡಿ. ಹೋಂಡಾ ಕಾರುಗಳು 2022ರ ಆಗಸ್ಟ್‌ನಲ್ಲಿ ತಾವಾಗಿಯೇ ಸರಿಯಾದವು. ಅಷ್ಟರೊಳಗೆ ಫ್ಯೂಸು, ವೈರು ಎಂದು ಹುಡುಕಿದವರ ಶ್ರಮ ನೆನೆದರೆ ಸಂಕಟವಾಗುತ್ತದೆ.

ಪರದೆಯ ಉಳಿದ ತೊಂದರೆಗಳು

ಫೋನು ಜೋಡಿಸಿದರೆ ಚಾರ್ಜ್ ಆಗುತ್ತದೆ, ಆಂಡ್ರಾಯ್ಡ್ ಆಟೊ ಬರುವುದಿಲ್ಲ ಎಂಬ ದೂರು ಬಹಳ. ಯುಎಸ್‌ಬಿ ಕೇಬಲಿನಲ್ಲಿ ಕರೆಂಟಿಗೆ ಎರಡು ತಂತಿ, ಮಾಹಿತಿಗೆ ಬೇರೆ ಎರಡು. ಅಗ್ಗದ ಕೇಬಲ್‌ಗಳಲ್ಲಿ ಕೆಲವಕ್ಕೆ ಮಾಹಿತಿಯ ತಂತಿಯೇ ಇರುವುದಿಲ್ಲ. ಬೇರೆ ಕೇಬಲ್ ಹಾಕಿ ನೋಡದೆ ಸೆಟ್ಟನ್ನು ದೂರಬಾರದು. ವೈರ್ ಇಲ್ಲದೆ ಜೋಡಿಸುವವರು ನೆನಪಿಡಬೇಕಾದ್ದು, ಪರಿಚಯ ಆಗುವುದು ಬ್ಲೂಟೂತಿನಲ್ಲಿ, ಆಮೇಲೆ ಚಿತ್ರ ಬರುವುದು ವೈಫೈಯಲ್ಲಿ. ಎರಡರಲ್ಲಿ ಒಂದು ಆಫ್ ಇದ್ದರೂ ಆಗದು. ಆಗಾಗ ಕಡಿದು ಹೋಗುತ್ತಿದ್ದರೆ ಫೋನಿನಲ್ಲಿ ಕಾರಿನ ಹೆಸರನ್ನೂ ಕಾರಿನಲ್ಲಿ ಫೋನಿನ ಹೆಸರನ್ನೂ ಅಳಿಸಿ ಹೊಸದಾಗಿ ಜೋಡಿಸಿ. ಒಂದು ಕಡೆ ಮಾತ್ರ ಅಳಿಸಿದರೆ ಹಳೆಯ ಗೋಜಲು ಉಳಿಯುತ್ತದೆ.

ಪೆನ್‌ಡ್ರೈವಿನ ವಿಷಯದಲ್ಲಿ ಯಕ್ಷಗಾನ ಕೇಳುವವರಿಗೆ ಹೇಳಲೇಬೇಕಾದ ಎರಡು ಮಾತು. ಪ್ರಸಂಗವನ್ನು ಐದಾರು ಭಾಗ ಮಾಡಿ ಹಾಕಿದಾಗ ಮೂರನೆಯದು ಮೊದಲು ಬರುವುದು ಸೆಟ್ಟಿನ ದೋಷವಲ್ಲ. ಅನೇಕ ಸೆಟ್ಟುಗಳು ಹೆಸರಿನ ಕ್ರಮ ನೋಡುವುದಿಲ್ಲ, ಕಂಪ್ಯೂಟರಿನಿಂದ ಯಾವುದು ಮೊದಲು ನಕಲಾಯಿತೋ ಅದನ್ನೇ ಮೊದಲು ನುಡಿಸುತ್ತವೆ. ಒಂದೊಂದಾಗಿ ಕ್ರಮದಲ್ಲಿ ನಕಲು ಮಾಡಿದರೆ ಸರಿಯಾಗುತ್ತದೆ. ಎರಡನೆಯದು, ಕನ್ನಡದಲ್ಲಿ ಬರೆದ ಫೈಲಿನ ಹೆಸರು ಪರದೆಯಲ್ಲಿ ಬರೀ ಚೌಕ ಚೌಕವಾಗಿ ಕಂಡರೆ ಫೈಲು ಕೆಟ್ಟಿಲ್ಲ, ಸೆಟ್ಟಿನೊಳಗೆ ಕನ್ನಡ ಲಿಪಿ ಇಲ್ಲ. ಇದು ನನಗೆ ನೋವಿನ ವಿಷಯ. ಕಾರಿನ ಸಾಫ್ಟ್‌ವೇರ್ ಬರೆಯುವ ದೊಡ್ಡ ಕೇಂದ್ರಗಳು ಇಲ್ಲಿಂದ 350 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ ಇವೆ. ಮರ್ಸಿಡಿಸ್ ಬೆಂಝ್‌ನ ಸಂಶೋಧನಾ ಕೇಂದ್ರ 1996ರಿಂದ ಅಲ್ಲಿದೆ, ಬಾಷ್ ಇದೆ, ಹರ್ಮನ್ ಇದೆ. ಕರ್ನಾಟಕದಲ್ಲಿ ಮಾರುವ ಪ್ರತಿ ಸೆಟ್ಟಿನಲ್ಲೂ ಕನ್ನಡ ಅಕ್ಷರ ಮೂಡಬೇಕು, ಗಿರಾಕಿಗಳಾದ ನಾವು ಷೋರೂಮಿನಲ್ಲಿ ಅದನ್ನು ಕೇಳಬೇಕು.

ಎಫ್‌ಎಂನಲ್ಲಿ ಇದ್ದಕ್ಕಿದ್ದಂತೆ ಕರಕರ ಸದ್ದು ಶುರುವಾದರೆ ಡ್ಯಾಶ್‌ಕ್ಯಾಮಿನ ಅಥವಾ ಚಾರ್ಜರಿನ ಪ್ಲಗ್ ಕಿತ್ತು ನೋಡಿ. ಅಗ್ಗದ ಚಾರ್ಜರ್‌ಗಳು ಅದೇ ತರಂಗಗಳಲ್ಲಿ ಗದ್ದಲ ಎಬ್ಬಿಸುತ್ತವೆ. ಕಿತ್ತರೂ ಹೋಗದಿದ್ದರೆ ಛಾವಣಿಯ ಆಂಟೆನಾದ ಬುಡ. ಉಪ್ಪು ಗಾಳಿಗೆ ಅಲ್ಲಿ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಪರದೆ ತಾನಾಗಿಯೇ ಒತ್ತಿದಂತೆ ಆಡಿದರೆ ಅದಕ್ಕೂ ತೇವ ಕಾರಣವಿರಬಹುದು: ಎ.ಸಿ.ಯಿಂದ ತಣ್ಣಗಾದ ಗಾಜಿನ ಮೇಲೆ ಬಾಗಿಲು ತೆಗೆದ ಕೂಡಲೇ ಹೊರಗಿನ ಆವಿ ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಐದು ನಿಮಿಷ ಕಾಯಬೇಕು. ಮರಗಟ್ಟಿದ ಪರದೆಗೆ ಅನೇಕ ಕಾರುಗಳಲ್ಲಿ ಪವರ್ ಬಟನನ್ನು 10–15 ಸೆಕೆಂಡ್ ಒತ್ತಿ ಹಿಡಿಯುವುದೇ ಮದ್ದು. ಫ್ಯಾಕ್ಟರಿ ರಿಸೆಟ್ ಕೊನೆಯ ಮದ್ದು, ಅದರಲ್ಲಿ ಎಲ್ಲ ಅಳಿಸಿಹೋಗುತ್ತದೆ.

ಸೆಟ್ಟೇ ನಿಜವಾಗಿ ಸಾಯುವುದೂ ಉಂಟು. 2022ರ ಜನವರಿ ಕೊನೆಯಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ 2014ರಿಂದ 2017ರ ಮಾಜ್ದಾ ಕಾರುಗಳು 94.9ರ ಒಂದು ರೇಡಿಯೊ ಕೇಂದ್ರದಲ್ಲೇ ಸಿಕ್ಕಿಬಿದ್ದವು. ಆ ಕೇಂದ್ರ ಕಾರ್ಯಕ್ರಮದ ಜೊತೆ ಕಳುಹಿಸಿದ ಚಿತ್ರದ ಫೈಲಿನ ಹೆಸರಿಗೆ, ಅದು ಯಾವ ಬಗೆಯ ಫೈಲೆಂದು ಹೇಳುವ ಬಾಲ ಇರಲಿಲ್ಲ, ಅಷ್ಟು ಸಾಕಾಯಿತು ಸೆಟ್ಟು ಕೆಡಲು. ಟೆಸ್ಲಾ 2021ರಲ್ಲಿ ಸುಮಾರು 1,35,000 ಕಾರುಗಳನ್ನು ವಾಪಸು ಕರೆಯಬೇಕಾಯಿತು: ಒಳಗಿನ 8 ಜಿಬಿ ಮೆಮೊರಿ ಚಿಪ್ ಬರೆದು ಬರೆದು ಸವೆದುಹೋಗಿ ಪರದೆ ಕಪ್ಪಾಗುತ್ತಿತ್ತು, ಜೊತೆಗೆ ಹಿಂದಿನ ಕ್ಯಾಮೆರಾವೂ.

ಅಂಥ ಸಾವು ಬಂದಾಗ ಬದಲಾಯಿಸದೆ ವಿಧಿಯಿಲ್ಲ. ಆದರೆ ಈಗಿನ ಸೆಟ್ಟು ಒಂಟಿ ಪೆಟ್ಟಿಗೆಯಲ್ಲ, ಎರಡು ತಂತಿಯ ಕ್ಯಾನ್ ಜಾಲದಲ್ಲಿ ಸ್ಟೀರಿಂಗಿನ ಬಟನ್, ಕ್ಯಾಮೆರಾ, ಮೀಟರ್ ಬೋರ್ಡಿನೊಂದಿಗೆ ಮಾತಾಡುತ್ತಿರುತ್ತದೆ. ವೈರ್ ಕತ್ತರಿಸಿ ಟೇಪ್ ಸುತ್ತಿ ಹೊರಗಿನ ಸೆಟ್ಟು ಕೂರಿಸಿದರೆ ವಾರಂಟಿಗೂ ಕುತ್ತು, ಮುಂದೆ ಬರುವ ಮಳೆಗಾಲಕ್ಕೆ ಕಿಲುಬಿಗೂ ದಾರಿ. ವೈರ್ ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಹಾಕಿಯೇ ಮಾಡಿಸಬೇಕು. ವಾರಂಟಿ ಇರುವಾಗ ತೊಂದರೆ ಬಂದರೆ “ಸೆಟ್ಟು ಸರಿಯಿಲ್ಲ” ಎಂದು ಬರೆಸದೆ, ಯಾವಾಗ, ಎಷ್ಟು ಸಲ, ಏನು ಮಾಡಿದಾಗ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಇಟ್ಟುಕೊಳ್ಳಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು 2 ವರ್ಷದ ಅವಕಾಶವಿದೆ, ಅಲ್ಲಿ ಬೆಲೆ ಬರುವುದು ಈ ಕಾಗದಕ್ಕೆ.

ಕಂಕನಾಡಿಯ ಎಲೆಕ್ಟ್ರಿಷಿಯನ್ ನನ್ನ ಫ್ಯೂಸಿನ ತಗಡನ್ನು ಉಜ್ಜಿ, ಇಕ್ಕಳದಲ್ಲಿ ಸ್ವಲ್ಪ ಬಿಗಿ ಮಾಡಿ, ಹೊಸ ಫ್ಯೂಸ್ ಹಾಕಿದರು. ಬಾನೆಟ್ ಎತ್ತಿ ಇಲಿ ಕಡಿದ ಗುರುತು ಇದೆಯೇ ಎಂದೂ ನೋಡಿದರು. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಹುಡುಕಿ ಬರುವ ಇಲಿಗಳಿಗೆ ಹೊಗೆಸೊಪ್ಪಿನ ಗಂಟು ಕಟ್ಟುವುದು ಇಲ್ಲಿಯ ವಾಡಿಕೆ. “ಹದಿನೈದು ದಿನಕ್ಕೊಮ್ಮೆ ಬದಲಿಸಿ ಸರ್, ವಾಸನೆ ಹೋದ ಮೇಲೆ ಉಪಯೋಗ ಇಲ್ಲ” ಎಂದರು. ಕೂಲಿ 250 ರೂಪಾಯಿ ತೆಗೆದುಕೊಂಡರು. ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಮೀಟರಿನಲ್ಲಿ 12.4ರಿಂದ ಕೆಳಗಿಳಿಯದ್ದನ್ನು ನನಗೆ ಮೂರು ಸಲ ತೋರಿಸಿದ ಮೇಲೆಯೇ ಬಿಟ್ಟದ್ದು.

ಆ ವಾರದ ಕೊನೆಯಲ್ಲಿ ಕರ್ಣನ ಸರ್ಪಾಸ್ತ್ರ ಗುರಿ ತಪ್ಪಿತು. ತೊಟ್ಟ ಬಾಣವನ್ನು ಮರಳಿ ತೊಡುವುದಿಲ್ಲವೆಂದು ಕರ್ಣ, ತೊಡಲೇಬೇಕೆಂದು ಶಲ್ಯ. ವಾದ ಏರುತ್ತಿರುವಾಗ ಮನೆಯ ಗೇಟು ಬಂತು, ಕೀ ತೆಗೆದೆ, ಬಾಗಿಲು ತೆಗೆದು ಇಳಿದೆ. ರಾತ್ರಿಯಿಡೀ ಮಳೆ ಸುರಿಯಿತು. ಬೆಳಗ್ಗೆ 8:20ಕ್ಕೆ ಕೀ ತಿರುಗಿಸಿದಾಗ ಪರದೆ 8:20 ಎಂದಿತು, ಶಲ್ಯ ರಥ ಬಿಟ್ಟಿಳಿಯುವ ಮಾತು ನಿನ್ನೆ ನಿಂತ ಪದದಿಂದಲೇ ಮುಂದುವರಿಯಿತು.